ನೈಟ್‌ಸ್ಕೌಟ್ ಎಪಿಐಯಿಂದ ಗ್ಲುಕೋಸ್ ರೀಡಿಂಗ್ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೋಳಿನಲ್ಲಿರುವ ಸೆನ್ಸರ್‌ನ ಅಂಕಿಗಳು ಮನೆಯವರ ನೈಟ್‌ಸ್ಕೌಟ್ ಸೈಟಿಗೆ ಬಂದು ಸೇರುತ್ತಿವೆ. ಅಲ್ಲಿಂದ ಅವನ್ನು ಸ್ಪ್ರೆಡ್‌ಶೀಟಿಗೆ, ನೀವೇ ಬರೆದ ಪ್ರೋಗ್ರಾಮಿಗೆ ಅಥವಾ ಅಡುಗೆಮನೆಯ ಗೋಡೆಯಲ್ಲಿರುವ ಹಳೆಯ ಟ್ಯಾಬ್ಲೆಟ್ಟಿಗೆ ತರುವುದು ಹೇಗೆ ಎಂಬುದಷ್ಟೇ ಈ ಪುಟದ ವಿಷಯ. ಅದಕ್ಕೆ ಬಳಸುವ ದಾರಿ ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ದತ್ತಾಂಶ ಕೇಳಿ ಪಡೆಯುವ ವ್ಯವಸ್ಥೆ. ಟೈಪ್ 1 ಮಧುಮೇಹವಿರುವ ಮಕ್ಕಳ ತಂದೆ ತಾಯಂದಿರನ್ನೂ ಅವರಿಗೆ ನೆರವಾಗುವ ಪ್ರೋಗ್ರಾಮರ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ವಿಳಾಸಗಳನ್ನೂ ಫೀಲ್ಡ್‌ಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ನೈಟ್‌ಸ್ಕೌಟ್ ಎಂದರೇನು?

ಸಿಜಿಎಂ ಎಂದು ಕರೆಯುವ, ಗ್ಲುಕೋಸನ್ನು ಸತತವಾಗಿ ಅಳೆಯುವ ಸೆನ್ಸರ್‌ಗಳ ರೀಡಿಂಗನ್ನು ದೂರದಿಂದ ನೋಡಲು ಅನುವು ಮಾಡಿಕೊಡುವ ಮುಕ್ತ ತಂತ್ರಾಂಶ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಜಾನ್ ಕಾಸ್ಟಿಕ್, ತಮ್ಮ ಪುಟ್ಟ ಮಗನ ರೀಡಿಂಗನ್ನು ಕೆಲಸದ ಜಾಗದಿಂದಲೇ ನೋಡುವಂತಾಗಬೇಕೆಂದು 2013ರಲ್ಲಿ ಡೆಕ್ಸ್‌ಕಾಮ್ ಎಂಬ ಸೆನ್ಸರ್ ಕಂಪನಿಯ ರಿಸೀವರ್‌ನಿಂದ ಅಂಕಿಗಳನ್ನು ಹೊರತೆಗೆಯುವ ಪ್ರೋಗ್ರಾಂ ಬರೆದರು. ಬೇರೆ ತಂದೆ ತಾಯಂದಿರು ಕೈಜೋಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಭೆಯಿಂದ ‘ನಾವು ಕಾಯುತ್ತಾ ಕೂರುವುದಿಲ್ಲ’ ಎಂಬ ಘೋಷಣೆ ಹೊರಟಿತು, ಆ ಛಲದಲ್ಲೇ ಈ ಯೋಜನೆ ಬೆಳೆಯಿತು. ಸರ್ವರ್ ನೋಡ್ ಜೆಎಸ್‌ನಲ್ಲಿ ಬರೆದದ್ದು, ದತ್ತಾಂಶ ಮೊಂಗೊಡಿಬಿ ಎಂಬ ಡೇಟಾಬೇಸಿನಲ್ಲಿ ಕೂರುತ್ತದೆ. ಒಂದೊಂದು ಕುಟುಂಬಕ್ಕೂ ತನ್ನದೇ ಸೈಟು, ತನ್ನದೇ ಡೇಟಾಬೇಸು. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸುವ ಸಂಗತಿ ಅದೇ: ಮಗುವಿನ ದತ್ತಾಂಶ ಮನೆಯವರ ಕೈಯಲ್ಲೇ ಇರುತ್ತದೆ, ಅದನ್ನು ಪಡೆಯಲು ಯಾರ ಅನುಮತಿಯೂ ಬೇಕಿಲ್ಲ.

ಸೆನ್ಸರ್ ಕಂಪನಿಗಳೇ ಎಪಿಐ ಕೊಡುವುದಿಲ್ಲವೇ?

ಡೆಕ್ಸ್‌ಕಾಮ್ ಕೊಡುತ್ತದೆ. ಒಆತ್ 2.0 ವಿಧಾನದಲ್ಲಿ ಬಳಕೆದಾರರ ಒಪ್ಪಿಗೆ ಪಡೆದು ರೀಡಿಂಗ್‌ಗಳನ್ನು ತರಬಹುದು. ಆದರೆ ಮೊಬೈಲ್ ಆ್ಯಪಿನಿಂದ ಬಂದ ರೀಡಿಂಗ್‌ಗಳನ್ನು ಆ ಎಪಿಐ ಬೇಕೆಂದೇ ತಡವಾಗಿ ಕೊಡುತ್ತದೆ. ತಡ ಗಂಟೆಗಳ ಲೆಕ್ಕದಲ್ಲಿರುತ್ತದೆ. ತಿಂಗಳ ವರದಿಗೆ ಅಡ್ಡಿಯಿಲ್ಲ, ರಾತ್ರಿ ಮಗುವಿನ ಶುಗರ್ ಇಳಿಯುತ್ತಿದೆಯೇ ಎಂದು ನೋಡಲು ಪ್ರಯೋಜನವಿಲ್ಲ. ಆ್ಯಪಲ್‌ನ ಹೆಲ್ತ್‌ಕಿಟ್ ಮತ್ತು ಆಂಡ್ರಾಯ್ಡಿನ ಹೆಲ್ತ್ ಕನೆಕ್ಟ್ ಎರಡೂ ಫೋನಿನೊಳಗಿನ ಸಂಗ್ರಹಗಳು, ವೆಬ್ ಎಪಿಐಗಳಲ್ಲ.

ನನ್ನ ಮಗಳಿಗೆ ಲಿಬ್ರೆ ಸೆನ್ಸರ್ ಹಾಕಿದ್ದೇವೆ. ಅದು ನೈಟ್‌ಸ್ಕೌಟಿಗೆ ಬರುತ್ತದೆಯೇ?

ಬರುತ್ತದೆ. ನಡುವೆ ಒಂದು ಆ್ಯಪ್ ಬೇಕು, ಹೆಚ್ಚಿನವರು ಆಂಡ್ರಾಯ್ಡಿನಲ್ಲಿ ಎಕ್ಸ್‌ಡ್ರಿಪ್ ಪ್ಲಸ್ ಬಳಸುತ್ತಾರೆ. ಮೊದಲ ತಲೆಮಾರಿನ ಲಿಬ್ರೆಯಾದರೆ ಅದರ ಮೇಲೆ ಮಿಯಾವ್‌ಮಿಯಾವ್‌ನಂಥ ಬ್ಲೂಟೂತ್ ಸಾಧನವನ್ನು ಕೂರಿಸಬೇಕು. ನಿಮ್ಮ ಪ್ರೋಗ್ರಾಮಿನ ದೃಷ್ಟಿಯಿಂದ ಸೆನ್ಸರ್ ಯಾವುದಾದರೂ ಒಂದೇ, ನೈಟ್‌ಸ್ಕೌಟ್ ಎಲ್ಲವನ್ನೂ ಒಂದೇ ಬಗೆಯ ದಾಖಲೆಯಾಗಿ ಇಟ್ಟುಕೊಳ್ಳುತ್ತದೆ.

ಮೊದಲ ಕೋರಿಕೆ ಕಳಿಸುವುದು ಹೇಗೆ?

ಬ್ರೌಸರ್ ಸಾಕು. ನಿಮ್ಮ ಸೈಟಿನ ವಿಳಾಸದ ಕೊನೆಗೆ /ಎಪಿಐ/ವಿ1/ಎಂಟ್ರೀಸ್.ಜೇಸನ್ ಎಂದು ಸೇರಿಸಿ (ಜೇಸನ್ ಎಂದರೆ ಪ್ರೋಗ್ರಾಂಗಳು ಸುಲಭವಾಗಿ ಓದುವ ಪಠ್ಯ ರೂಪ). ಇತ್ತೀಚಿನ 10 ದಾಖಲೆಗಳು ಬರುತ್ತವೆ. ಹೆಚ್ಚು ಬೇಕಿದ್ದರೆ ಕೌಂಟ್=288 ಎಂಬಂತೆ ಸೇರಿಸಿ; 5 ನಿಮಿಷಕ್ಕೊಂದು ರೀಡಿಂಗ್ ಕೊಡುವ ಸೆನ್ಸರ್‌ನಲ್ಲಿ ಒಂದು ದಿನಕ್ಕೆ 288 ಆಗುತ್ತದೆ. ಎಂಟ್ರೀಸ್ ಸಂಗ್ರಹದಲ್ಲಿ ಸೆನ್ಸರ್ ರೀಡಿಂಗ್‌ಗಳ ಜೊತೆಗೆ ಬೆರಳು ಚುಚ್ಚಿ ನೋಡಿದ ಅಂಕಿಗಳೂ ಕ್ಯಾಲಿಬ್ರೇಷನ್ ದಾಖಲೆಗಳೂ ಇರಬಹುದು. ಸೆನ್ಸರ್‌ನವು ಮಾತ್ರ ಬೇಕಿದ್ದರೆ /ಎಂಟ್ರೀಸ್/ಎಸ್‌ಜಿವಿ.ಜೇಸನ್ ಎಂದು ಕೇಳಿ.

ಕೊನೆಯ ‘.ಜೇಸನ್’ ಮರೆತರೆ ಟ್ಯಾಬ್‌ನಿಂದ ಬೇರ್ಪಡಿಸಿದ ಸಾದಾ ಪಠ್ಯ ಬರಬಹುದು. ‘ಉತ್ತರ ಬಂದಿದೆ, ಆದರೆ ಪಾರ್ಸ್ ಆಗುತ್ತಿಲ್ಲ’ ಎನ್ನುವವರು ಮೊದಲು ಅದನ್ನೇ ನೋಡಿ.

ಬಂದ ದಾಖಲೆಯನ್ನು ಓದುವುದು ಹೇಗೆ?

ಒಂದು ದಾಖಲೆಯನ್ನು ಬಿಡಿಸಿ ನೋಡೋಣ. ಟೈಪ್: ಎಸ್‌ಜಿವಿ. ಎಸ್‌ಜಿವಿ: 112. ಡೇಟ್: 1735669800000. ಡೇಟ್‌ಸ್ಟ್ರಿಂಗ್: 2024-12-31, 18:30, ಕೊನೆಯಲ್ಲಿ ಜೆಡ್ ಅಕ್ಷರ. ಡೈರೆಕ್ಷನ್: ಫಾರ್ಟಿಫೈವ್‌ಡೌನ್. ನಾಯ್ಸ್: 1. ಯುಟಿಸಿಆಫ್‌ಸೆಟ್: 330. ಇದರ ಜೊತೆಗೆ ಡಿವೈಸ್ ಎಂಬಲ್ಲಿ ರೀಡಿಂಗ್ ಕಳಿಸಿದ ಆ್ಯಪಿನ ಹೆಸರು.

ಟೈಪ್ ಮತ್ತು ಅಂಕಿಯ ಫೀಲ್ಡ್ ಎರಡಕ್ಕೂ ಎಸ್‌ಜಿವಿ (ಸೆನ್ಸರ್ ಗ್ಲುಕೋಸ್ ವ್ಯಾಲ್ಯೂ) ಎಂದೇ ಹೆಸರು, ಗಲಿಬಿಲಿ ಬೇಡ. 112 ಎಂದರೆ ಡೆಸಿಲೀಟರಿಗೆ 112 ಮಿಲಿಗ್ರಾಂ. ಡೇಟ್ ಎಂಬುದು 1970ರ ಜನವರಿ 1ರಿಂದ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಎಣಿಸಿದ ಮಿಲಿಸೆಕೆಂಡುಗಳು; ಸೆಕೆಂಡುಗಳೆಂದು ತಿಳಿದರೆ ನಿಮ್ಮ ಗ್ರಾಫ್ ಸಾವಿರಾರು ವರ್ಷ ಮುಂದಕ್ಕೆ ಹೋಗುತ್ತದೆ. ಡೈರೆಕ್ಷನ್ ಬಾಣದ ಗುರುತು. ಡೆಕ್ಸ್‌ಕಾಮ್ ಲೆಕ್ಕದಲ್ಲಿ ಫ್ಲಾಟ್ ಎಂದರೆ ನಿಮಿಷಕ್ಕೆ 1 ಮಿಲಿಗ್ರಾಂಗಿಂತ ಕಡಿಮೆ ಏರಿಳಿತ, ಫಾರ್ಟಿಫೈವ್ ಎಂದರೆ 1ರಿಂದ 2, ಸಿಂಗಲ್ ಎಂದರೆ 2ರಿಂದ 3, ಡಬಲ್ ಎಂದರೆ 3ಕ್ಕೂ ಹೆಚ್ಚು. ಹಾಗಾಗಿ ಈ ಮಗುವಿನ ಶುಗರ್ 112 ಇದ್ದರೂ ನಿಮಿಷಕ್ಕೆ 1ರಿಂದ 2ರಂತೆ ಇಳಿಯುತ್ತಿದೆ, ಅರ್ಧ ಗಂಟೆ ಹೀಗೇ ಇಳಿದರೆ 52ರಿಂದ 82ರ ನಡುವೆ ಬಂದು ನಿಲ್ಲುತ್ತದೆ. ಬಾಣವಿಲ್ಲದೆ ಬರೀ 112 ಎಂದು ದೊಡ್ಡಕ್ಷರದಲ್ಲಿ ತೋರಿಸುವ ಪರದೆ ನೋಡಿದವರಿಗೆ ಸುಳ್ಳು ನೆಮ್ಮದಿ ಕೊಡುತ್ತದೆ. ಅಂಕಿ, ಬಾಣ, ಸಮಯ ಮೂರನ್ನೂ ಒಟ್ಟಿಗೆ ತೋರಿಸಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ.

ನಾಯ್ಸ್ 1 ಎಂದರೆ ಸಂಕೇತ ಸ್ವಚ್ಛವಾಗಿದೆ, 4 ಎಂದರೆ ಬಹಳ ಕಲಕಿದೆ ಎಂದರ್ಥ.

ರಾತ್ರಿಯ ರೀಡಿಂಗ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರಿಕೊಳ್ಳುತ್ತಿವೆ. ಯಾಕೆ?

ಮೇಲಿನ ದಾಖಲೆಯ ಸಮಯವನ್ನೇ ನೋಡಿ. ಡೇಟ್‌ಸ್ಟ್ರಿಂಗ್ ಡಿಸೆಂಬರ್ 31ರ ಸಂಜೆ 6:30 ಎನ್ನುತ್ತದೆ. ಅದು ಯುಟಿಸಿ. ಭಾರತದ ಸಮಯಕ್ಕೆ ಐದೂವರೆ ಗಂಟೆ ಸೇರಿಸಿದರೆ 2025ರ ಜನವರಿ 1, ಸರಿಯಾಗಿ ಮಧ್ಯರಾತ್ರಿ 12 ಗಂಟೆ. ದಿನವಾರು ಗುಂಪು ಮಾಡುವಾಗ ಡೇಟ್‌ಸ್ಟ್ರಿಂಗ್‌ನ ಮೊದಲ 10 ಅಕ್ಷರಗಳನ್ನು ಕತ್ತರಿಸಿ ಬಳಸಿದರೆ, ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನ ರೀಡಿಂಗ್‌ಗಳೆಲ್ಲ ಹಿಂದಿನ ದಿನಕ್ಕೆ ಹೋಗಿ ಕೂರುತ್ತವೆ. ಮಕ್ಕಳಿಗೆ ಲೋ ಆಗುವ, ಅಂದರೆ ಶುಗರ್ ತೀರಾ ಇಳಿಯುವ ಭಯ ಹೆಚ್ಚಾಗಿ ಕಾಡುವುದು ಆ ಹೊತ್ತಿನಲ್ಲೇ. ವೈದ್ಯರಿಗೆ ತೋರಿಸುವ ವರದಿಯಲ್ಲಿ ‘ಬುಧವಾರ ರಾತ್ರಿ ಲೋ’ ಎಂದಿರಬೇಕಾದದ್ದು ಮಂಗಳವಾರವಾದರೆ, ಆ ದಿನ ಏನು ತಿಂದಿತ್ತು, ಎಷ್ಟು ಇನ್ಸುಲಿನ್ ಹಾಕಿದ್ದಿರಿ, ಆಟ ಆಡಿತ್ತೇ ಎಂಬ ಎಲ್ಲ ಹೋಲಿಕೆಯೂ ತಪ್ಪುತ್ತದೆ.

ದಾರಿ ಸುಲಭ. ಲೆಕ್ಕಕ್ಕೆ ಯಾವಾಗಲೂ ಡೇಟ್ ಎಂಬ ಮಿಲಿಸೆಕೆಂಡಿನ ಅಂಕಿಯನ್ನೇ ಬಳಸಿ, ಏಷ್ಯಾ/ಕೋಲ್ಕತಾ ಎಂಬ ಸಮಯ ವಲಯಕ್ಕೆ ಪರಿವರ್ತಿಸಿ, ಆಮೇಲೆ ದಿನ ಕಟ್ಟಿ. ಯುಟಿಸಿಆಫ್‌ಸೆಟ್ ಫೀಲ್ಡನ್ನು ಕಣ್ಣುಮುಚ್ಚಿ ನಂಬಬೇಡಿ. ರೀಡಿಂಗ್ ಕಳಿಸುವ ಆ್ಯಪ್ ಸಮಯವನ್ನು ಯುಟಿಸಿಯಲ್ಲೇ ಕಳಿಸಿದ್ದರೆ ಅಲ್ಲಿ 330ರ ಬದಲು 0 ಇರುತ್ತದೆ.

ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರು ಇನ್ನೂ ಒಂದನ್ನು ಗಮನಿಸಬೇಕು. ಗಡಿಯಾರ ಹಿಂದೆ ಮುಂದೆ ಮಾಡುವ ದಿನ 23 ಅಥವಾ 25 ಗಂಟೆಯದಾಗುತ್ತದೆ, ಆ ದಿನ 276 ಅಥವಾ 300 ರೀಡಿಂಗ್ ಬಂದರೆ ಅದೇ ಸರಿ.

ಒಂದು ತಿಂಗಳ ದತ್ತಾಂಶ ಕೇಳಿದರೆ ನಾಲ್ಕು ದಿನದ್ದು ಮಾತ್ರ ಬರುತ್ತಿದೆ.

ಕೌಂಟನ್ನು 10000ಕ್ಕೆ ಏರಿಸಿದರೂ ಇದೇ ಆಗುತ್ತದೆ. ದಿನಾಂಕದ ಮಿತಿಯನ್ನು ನೀವು ಹೇಳದಿದ್ದರೆ ವಿ1 ಎಪಿಐ ತಾನಾಗಿಯೇ ಕೊನೆಯ 4 ದಿನಗಳ ಮಿತಿ ಹಾಕಿಕೊಳ್ಳುತ್ತದೆ. ಸಣ್ಣ ಸರ್ವರ್ ಮೇಲೆ ಇಡೀ ಡೇಟಾಬೇಸ್ ಹುಡುಕುವ ಹೊರೆ ಬೀಳದಿರಲಿ ಎಂಬ ಕಾಳಜಿ ಅದು. ಹಾಗಾಗಿ ಎಲ್ಲಿಂದ ಎಂಬುದನ್ನು ಬಿಡಿಸಿ ಹೇಳಬೇಕು: ಫೈಂಡ್[ಡೇಟ್][$ಜಿಟಿಇ]=1735669800000. ಎಲ್ಲಿಯವರೆಗೆ ಎಂಬುದಕ್ಕೆ ಅದೇ ರೀತಿ $ಎಲ್‌ಟಿ. ಜೊತೆಗೆ ಕೌಂಟೂ ಬೇಕು. 30 ದಿನಕ್ಕೆ 8640 ರೀಡಿಂಗ್, ಸ್ವಲ್ಪ ಹೆಚ್ಚೇ ಇಟ್ಟು 10000 ಎನ್ನಿ. ವರ್ಷದ ದತ್ತಾಂಶವನ್ನು ಒಂದೇ ಬಾರಿಗೆ ಎಳೆಯುವ ಬದಲು ವಾರ ವಾರವಾಗಿ ತರಿಸಿಕೊಳ್ಳಿ. ಉಚಿತ ಸರ್ವರ್‌ಗಳಿಗೆ ಅಷ್ಟು ತ್ರಾಣ ಇರುವುದಿಲ್ಲ.

ಬ್ರೌಸರಿನಲ್ಲಿ ಬರುವ ಕೋರಿಕೆ ಕರ್ಲ್‌ನಲ್ಲಿ ಬರುತ್ತಿಲ್ಲ.

ಎರಡು ಕಾರಣಗಳಿರಬಹುದು. ಆದೇಶ ಬರೆದು ವೆಬ್ ಕೋರಿಕೆ ಕಳಿಸುವ ಸಾಧನವಾದ ಕರ್ಲ್ ಚೌಕ ಕಂಸಗಳನ್ನು ತನ್ನದೇ ವಿಶೇಷ ಸೂಚನೆ ಎಂದು ತಿಳಿಯುತ್ತದೆ, ಅದನ್ನು ತಡೆಯಲು -ಜಿ ಎಂಬ ಆಯ್ಕೆ ಕೊಡಿ. ಎರಡನೆಯದು ಡಾಲರ್ ಚಿಹ್ನೆ. ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಗಳಲ್ಲಿಟ್ಟರೆ ಶೆಲ್ ‘$ಜಿಟಿಇ’ಯನ್ನು ವೇರಿಯೇಬಲ್ ಎಂದುಕೊಂಡು ಅಲ್ಲಿ ಖಾಲಿ ಬಿಡುತ್ತದೆ, ಸರ್ವರಿಗೆ ತಲುಪುವುದು ಬರೀ ಖಾಲಿ ಕಂಸ. ಒಂಟಿ ಉದ್ಧರಣ ಚಿಹ್ನೆ ಬಳಸಿ.

401 ಬರುತ್ತಿದೆ. ಪಾಸ್‌ವರ್ಡ್ ಎಲ್ಲಿ ಕೊಡಬೇಕು?

ನಿಮ್ಮ ಸೈಟಿನಲ್ಲಿ ಎಲ್ಲರಿಗೂ ಓದುವ ಅನುಮತಿ ಇಲ್ಲ ಎಂದರ್ಥ, ಅದು ಒಳ್ಳೆಯದೇ. ಆಥ್_ಡಿಫಾಲ್ಟ್_ರೋಲ್ಸ್ ಎಂಬ ಸೆಟ್ಟಿಂಗ್ ‘ರೀಡಬಲ್’ ಆಗಿದ್ದರೆ ವಿಳಾಸ ಗೊತ್ತಿರುವ ಯಾರು ಬೇಕಾದರೂ ಮಗುವಿನ ರೀಡಿಂಗ್ ನೋಡಬಹುದು. ‘ಡಿನೈಡ್’ ಎಂದು ಇಡಿ ಎಂಬುದು ನನ್ನ ಗಟ್ಟಿ ಸಲಹೆ.

ಆಮೇಲೆ ಅನುಮತಿ ಪಡೆಯಲು ಎರಡು ದಾರಿ. ಒಂದು, ಎಪಿಐ ಸೀಕ್ರೆಟ್. ಕನಿಷ್ಠ 12 ಅಕ್ಷರಗಳ ಈ ಗುಪ್ತಪದವನ್ನು ಎಸ್‌ಎಚ್‌ಎ-1 ಎಂಬ ಸೂತ್ರದಿಂದ ಹ್ಯಾಶ್ ಮಾಡಿ, ಅಂದರೆ ಮೂಲ ಪದ ಕಾಣದ ಸಂಕೇತವಾಗಿಸಿ, 40 ಅಕ್ಷರಗಳ ಫಲಿತಾಂಶವನ್ನು ಎಪಿಐ-ಸೀಕ್ರೆಟ್ ಎಂಬ ಹೆಡರ್‌ನಲ್ಲಿ ಕಳಿಸಬೇಕು. ಹ್ಯಾಶ್ ಮಾಡುವ ಸಾಲಿನ ಕೊನೆಗೆ ಹೊಸ ಸಾಲಿನ ಚಿಹ್ನೆ ಸೇರಿಕೊಂಡರೆ ಹ್ಯಾಶೇ ಬೇರೆಯಾಗುತ್ತದೆ. ಎಕೋ ಆದೇಶದಲ್ಲಿ -ಎನ್ ಮರೆಯುವುದು ಇದಕ್ಕೆ ಮಾಮೂಲಿ ಕಾರಣ. ಎರಡನೆಯ ದಾರಿ ಟೋಕನ್. ಸೈಟಿನ ಅಡ್ಮಿನ್ ಟೂಲ್ಸ್ ಪುಟಕ್ಕೆ ಹೋಗಿ, ಹೊಸ ಸಬ್ಜೆಕ್ಟ್ ಸೃಷ್ಟಿಸಿ, ಪಾತ್ರ ‘ರೀಡಬಲ್’ ಎಂದು ಕೊಟ್ಟರೆ ಟೋಕನ್ ಸಿಗುತ್ತದೆ. ಅದನ್ನು ವಿಳಾಸದ ಕೊನೆಗೆ ಟೋಕನ್= ಎಂದು ಸೇರಿಸಿದರಾಯಿತು.

ಓದುವ ಕೆಲಸಕ್ಕೆ ಎಂದೂ ಸೀಕ್ರೆಟ್ ಬಳಸಬೇಡಿ. ಅದು ಇಡೀ ಮನೆಯ ಬೀಗದ ಕೈ: ಅದನ್ನು ಹಿಡಿದವರು ರೀಡಿಂಗ್ ಅಳಿಸಬಹುದು, ಸುಳ್ಳು ರೀಡಿಂಗ್ ಸೇರಿಸಬಹುದು, ಇನ್ಸುಲಿನ್ ದಾಖಲೆ ತಿದ್ದಬಹುದು. ಸ್ವಯಂಚಾಲಿತವಾಗಿ ಇನ್ಸುಲಿನ್ ಹೊಂದಿಸುವ ಲೂಪ್ ವ್ಯವಸ್ಥೆ ಬಳಸುವ ಮನೆಗಳಲ್ಲಿ ಇದರ ಅಪಾಯ ಇನ್ನೂ ದೊಡ್ಡದು. ಹ್ಯಾಶ್ ಮಾಡಿದ್ದೇವಲ್ಲ ಎಂಬ ಧೈರ್ಯವೂ ಸಲ್ಲದು, ಸರ್ವರ್ ಆ ಹ್ಯಾಶನ್ನೇ ಒಪ್ಪುವುದರಿಂದ ಕದ್ದವರಿಗೆ ಅಷ್ಟೇ ಸಾಕು.

ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆ ಟೋಕನ್ ಮಾಡಿ. ಯಾವುದಾದರೂ ಸೋರಿದರೆ ಅದೊಂದನ್ನೇ ಅಳಿಸಬಹುದು. ಎಪಿಐ ಸೀಕ್ರೆಟ್ ಬದಲಿಸಿದರೆ ಎಲ್ಲ ಟೋಕನ್‌ಗಳೂ ಬದಲಾಗುತ್ತವೆ ಎಂಬುದು ನೆನಪಿರಲಿ.

ಪ್ರೋಗ್ರಾಮಿಂಗ್ ಬರುವುದಿಲ್ಲ. ಗೂಗಲ್ ಶೀಟ್ಸ್‌ಗೆ ನೇರವಾಗಿ ತರಬಹುದೇ?

ತರಬಹುದು. ಎಂಟ್ರೀಸ್.ಸಿಎಸ್‌ವಿ ಎಂಬ ವಿಳಾಸವನ್ನು ಶೀಟ್ಸ್‌ನ ಇಂಪೋರ್ಟ್‌ಡೇಟಾ ಸೂತ್ರಕ್ಕೆ ಕೊಡಿ. ಸಮಯದ ಪಠ್ಯ, ಮಿಲಿಸೆಕೆಂಡಿನ ಸಮಯ, ಅಂಕಿ, ಬಾಣ, ಸಾಧನ ಹೀಗೆ ಕಾಲಂಗಳು ಸಾಲಾಗಿ ಬರುತ್ತವೆ. ಸೂತ್ರದೊಳಗೆ ಟೋಕನ್ ಇರುವುದರಿಂದ ಆ ಶೀಟನ್ನು ಹಂಚಿಕೊಂಡರೆ ಟೋಕನ್ನನ್ನೂ ಹಂಚಿಕೊಂಡಂತೆ. ವೈದ್ಯರಿಗೆ ಕಳಿಸುವುದಾದರೆ ಅಂಕಿಗಳನ್ನಷ್ಟೇ ಬೇರೆ ಶೀಟಿಗೆ ನಕಲಿಸಿ ಕಳಿಸಿ.

ಸೈಟು 6.2 ಎಂದು ತೋರಿಸುತ್ತದೆ, ಎಪಿಐ 112 ಎನ್ನುತ್ತದೆ. ಯಾವುದು ಸರಿ?

ಎರಡೂ ಒಂದೇ. ಭಾರತ, ಅಮೆರಿಕಗಳಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕ. ಲೀಟರಿಗೆ ಒಂದು ಮಿಲಿಮೋಲ್ ಎಂದರೆ ಡೆಸಿಲೀಟರಿಗೆ ಸುಮಾರು 18 ಮಿಲಿಗ್ರಾಂ. ಸೈಟಿನ ಸೆಟ್ಟಿಂಗ್ ಏನೇ ಇದ್ದರೂ ಎಂಟ್ರೀಸ್‌ನ ಎಸ್‌ಜಿವಿ ಅಂಕಿ ಯಾವಾಗಲೂ ಮಿಲಿಗ್ರಾಂನಲ್ಲೇ ಇರುತ್ತದೆ. ಆದರೆ ಊಟ, ಇನ್ಸುಲಿನ್ ವಿವರಗಳಿರುವ ಟ್ರೀಟ್‌ಮೆಂಟ್ಸ್ ಸಂಗ್ರಹದಲ್ಲಿ ಕೈಯಾರೆ ದಾಖಲಿಸಿದ ಗ್ಲುಕೋಸ್ ಯಾವ ಮಾನದಲ್ಲಿದೆ ಎಂಬುದನ್ನು ಪಕ್ಕದ ಯುನಿಟ್ಸ್ ಫೀಲ್ಡ್ ನೋಡಿಯೇ ತಿಳಿಯಬೇಕು.

ಗ್ರಾಫಿನಲ್ಲಿ ಹೆಚ್ಚು ಕಡಿಮೆಯ ಗೆರೆಗಳನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಬರೆದಿಡಬೇಡಿ. /ಎಪಿಐ/ವಿ1/ಸ್ಟೇಟಸ್.ಜೇಸನ್ ಕೇಳಿದರೆ ಆ ಮನೆಯವರು ಇಟ್ಟುಕೊಂಡ ಮಿತಿಗಳು ಸಿಗುತ್ತವೆ. ಯಾರೂ ಬದಲಿಸದಿದ್ದರೆ ಅವು 55, 80, 180, 260.

ಕೆಲವು ರೀಡಿಂಗ್ 5, 9, 10 ಎಂದಿವೆ. ಗಾಬರಿಯಾಯಿತು.

ಗಾಬರಿ ಬೇಡ, ಅವು ಗ್ಲುಕೋಸ್ ಮಟ್ಟಗಳಲ್ಲ. ಡೆಕ್ಸ್‌ಕಾಮ್ ಸೆನ್ಸರ್ 40ಕ್ಕಿಂತ ಕೆಳಗೆ ಅಳೆಯುವುದಿಲ್ಲ, ಅದಕ್ಕಿಂತ ಬಹಳ ಚಿಕ್ಕ ಅಂಕಿಗಳು ದೋಷ ಸಂಕೇತಗಳು: 5 ಎಂದರೆ ಕ್ಯಾಲಿಬ್ರೇಷನ್ ಆಗಿಲ್ಲ, 9 ಎಂದರೆ ಮರಳು ಗಡಿಯಾರದ ಚಿಹ್ನೆ, 10 ಎಂದರೆ ಮೂರು ಪ್ರಶ್ನಾರ್ಥಕ ಚಿಹ್ನೆ. ಸೆನ್ಸರ್ ಆ ಹೊತ್ತಿನಲ್ಲಿ ತನ್ನ ಅಳತೆಯನ್ನು ತಾನೇ ನಂಬುತ್ತಿಲ್ಲ. ಸರಾಸರಿ ತೆಗೆಯುವ ಮುನ್ನ 39ಕ್ಕಿಂತ ಕಡಿಮೆ ಇರುವ ಎಲ್ಲವನ್ನೂ ಬದಿಗಿಡಿ. ಗ್ರಾಫಿನಲ್ಲಿ ಆ ಜಾಗವನ್ನು ಖಾಲಿ ಬಿಡಿ. ಎರಡು ತುದಿಗಳನ್ನು ಗೆರೆ ಎಳೆದು ಜೋಡಿಸಿದರೆ ಯಾರೂ ಅಳೆಯದ ಶುಗರನ್ನು ನೀವು ಬರೆದಂತಾಗುತ್ತದೆ.

ದಿನಕ್ಕೆ 288ರ ಬದಲು ಐನೂರಕ್ಕೂ ಹೆಚ್ಚು ಬರುತ್ತಿವೆ.

ಡಿವೈಸ್ ಫೀಲ್ಡ್ ನೋಡಿ. ಅಮ್ಮನ ಫೋನೂ ಮಗುವಿನ ಫೋನೂ ಒಂದೇ ಸೆನ್ಸರ್‌ನ ರೀಡಿಂಗನ್ನು ಕಳಿಸುತ್ತಿರಬಹುದು. ಸಮಯ ಪೂರಾ ಒಂದೇ ಆಗಿದ್ದರೆ ನೈಟ್‌ಸ್ಕೌಟ್ ಎರಡನ್ನೂ ಒಂದಾಗಿಸುತ್ತದೆ, ಕೆಲವು ಸೆಕೆಂಡು ವ್ಯತ್ಯಾಸವಿದ್ದರೂ ಎರಡೂ ಉಳಿದುಕೊಳ್ಳುತ್ತವೆ. ಕಳಿಸುವ ಆ್ಯಪ್ ಒಂದೇ ಇರಲಿ. ನಿಮಿಷಕ್ಕೊಂದು ರೀಡಿಂಗ್ ಕೊಡುವ ಸೆನ್ಸರ್ ಆದರೆ ಲೆಕ್ಕವೇ ಬೇರೆ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕು?

ರೀಡಿಂಗ್ 5 ನಿಮಿಷಕ್ಕೊಮ್ಮೆ ಬರುವಾಗ 10 ಸೆಕೆಂಡಿಗೊಮ್ಮೆ ಕೇಳಿ ಪ್ರಯೋಜನವಿಲ್ಲ. ಕೊನೆಯ ರೀಡಿಂಗ್‌ನ ಸಮಯಕ್ಕೆ 5 ನಿಮಿಷ ಸೇರಿಸಿ, ಮೇಲೆ ಅರ್ಧ ನಿಮಿಷ ಬಿಟ್ಟು ಕೇಳಿ. ಬಂದಿಲ್ಲವಾದರೆ ನಿಮಿಷಕ್ಕೊಮ್ಮೆ ಪ್ರಯತ್ನಿಸಿ.

ಸರ್ವರ್ ಉತ್ತರಿಸುತ್ತಿದೆ, ದೋಷವಿಲ್ಲ. ಅಂದರೆ ಎಲ್ಲ ಸರಿಯಿದೆ ತಾನೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನ ನಿಮಗಿದ್ದರೆ ಇದನ್ನೇ ಓದಿ.

ಮಗುವಿನ ಫೋನಿನ ಬ್ಯಾಟರಿ ಮುಗಿಯಿತು, ಅಥವಾ ಶಾಲೆಯ ಬಸ್ಸು ನೆಟ್‌ವರ್ಕ್ ಇಲ್ಲದ ಕಡೆ ಸಾಗುತ್ತಿದೆ, ಅಥವಾ ಸೆನ್ಸರ್ ಕಿತ್ತುಬಂದಿದೆ. ನಿಮ್ಮ ಪ್ರೋಗ್ರಾಂ ಕೇಳುತ್ತಲೇ ಇರುತ್ತದೆ, ಸರ್ವರ್ 200 ಎಂಬ ಯಶಸ್ಸಿನ ಸಂಕೇತದೊಡನೆ ಕೊನೆಯ ರೀಡಿಂಗನ್ನು ಕೊಡುತ್ತಲೇ ಇರುತ್ತದೆ. ಆ ರೀಡಿಂಗ್ 118. ಅದು ಒಂದು ಗಂಟೆಯ ಹಿಂದಿನ 118. ಗೋಡೆಯ ಮೇಲಿನ ಪರದೆ ಹಸಿರು ಬಣ್ಣದಲ್ಲಿ 118 ತೋರಿಸುತ್ತಿದ್ದರೆ ಮನೆಯವರು ನಿಶ್ಚಿಂತೆಯಿಂದ ಇರುತ್ತಾರೆ, ಅತ್ತ ಮಗು 60ಕ್ಕೆ ಇಳಿದಿರಬಹುದು. ಪ್ರೋಗ್ರಾಂ ಕೆಟ್ಟು ನಿಂತಿದ್ದರೆ ಯಾರಾದರೂ ಗಮನಿಸುತ್ತಿದ್ದರು, ಹಳೆಯ ಅಂಕಿಯನ್ನು ಹೊಸದರಂತೆ ತೋರಿಸುವ ಪ್ರೋಗ್ರಾಂ ಕೆಟ್ಟು ನಿಂತದ್ದಕ್ಕಿಂತ ಅಪಾಯಕಾರಿ.

ಆದ್ದರಿಂದ ಪ್ರತಿ ಬಾರಿಯೂ ಈಗಿನ ಸಮಯದಿಂದ ಡೇಟನ್ನು ಕಳೆದು ರೀಡಿಂಗ್‌ನ ವಯಸ್ಸು ಲೆಕ್ಕಹಾಕಿ, ಅಂಕಿಯ ಪಕ್ಕದಲ್ಲೇ ‘4 ನಿಮಿಷದ ಹಿಂದೆ’ ಎಂದು ತೋರಿಸಿ. ನೈಟ್‌ಸ್ಕೌಟ್ ತಾನೇ ಇಟ್ಟುಕೊಂಡ ಮಿತಿಗಳು 15 ನಿಮಿಷಕ್ಕೆ ಎಚ್ಚರಿಕೆ, 30 ನಿಮಿಷಕ್ಕೆ ತುರ್ತು. 15 ದಾಟಿದರೆ ಬಣ್ಣ ತೆಗೆದು ಅಂಕಿಯ ಮೇಲೆ ಅಡ್ಡಗೆರೆ ಎಳೆಯಿರಿ. 30 ದಾಟಿದರೆ ಅಂಕಿಯನ್ನೇ ಅಳಿಸಿ, ‘ರೀಡಿಂಗ್ ಇಲ್ಲ’ ಎಂದು ಬರೆಯಿರಿ. ವಯಸ್ಸು ಋಣ ಸಂಖ್ಯೆಯಾಗಿ ಬಂದರೆ, ಅಂದರೆ ರೀಡಿಂಗ್ ಭವಿಷ್ಯದ್ದೆಂದು ಕಂಡರೆ, ಯಾವುದೋ ಒಂದು ಸಾಧನದ ಗಡಿಯಾರ ತಪ್ಪಾಗಿದೆ. ಅದನ್ನೂ ದೋಷವೆಂದೇ ತೋರಿಸಿ. ಸ್ಟೇಟಸ್ ಉತ್ತರದಲ್ಲಿ ಸರ್ವರಿನ ಸಮಯವೂ ಇರುತ್ತದೆ, ಅದರೊಡನೆ ಹೋಲಿಸಿದರೆ ತಪ್ಪು ಯಾರದೆಂದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ನೀವು ಬರೆದ ಪರದೆ ಹೆಚ್ಚುವರಿ ಕಣ್ಣು ಮಾತ್ರ. ಸೆನ್ಸರ್‌ನ ಸ್ವಂತ ಆ್ಯಪಿನ ಅಲಾರಂ ಆರಿಸಬೇಡಿ.

ನೆಟ್‌ವರ್ಕ್ ಮರಳಿದ ಮೇಲೆ ಹಳೆಯ ರೀಡಿಂಗ್‌ಗಳು ನನ್ನ ಡೇಟಾಬೇಸಿಗೆ ಬರುವುದಿಲ್ಲ.

‘ನನ್ನ ಬಳಿ ಇರುವ ಕೊನೆಯ ಡೇಟ್‌ನಿಂದ ಮುಂದಿನದು ಕೊಡು’ ಎಂದು ಕೇಳುತ್ತಿದ್ದೀರಿ. ಫೋನು ಮೊದಲು ತಾಜಾ ರೀಡಿಂಗ್ ಕಳಿಸಿ, ನಡುವಿನವನ್ನು ಆಮೇಲೆ ತುಂಬಿಸಿದರೆ ಅವು ನಿಮ್ಮ ಕೋರಿಕೆಗೆ ಸಿಗುವುದಿಲ್ಲ. ಸರಳ ಪರಿಹಾರ: ಪ್ರತಿ ಬಾರಿಯೂ ಹಿಂದಿನ 24 ಗಂಟೆಯದನ್ನು ಮತ್ತೆ ತರಿಸಿ, ಇರುವವನ್ನು ಬಿಟ್ಟು ಇಲ್ಲದವನ್ನು ಸೇರಿಸಿಕೊಳ್ಳಿ. 288 ಸಾಲು ದೊಡ್ಡ ಭಾರವಲ್ಲ.

ಅಚ್ಚುಕಟ್ಟಾದ ಪರಿಹಾರ ವಿ3 ಎಪಿಐಯಲ್ಲಿದೆ. ಅಲ್ಲಿ ಪ್ರತಿ ದಾಖಲೆಗೂ ಸರ್ವರಿನಲ್ಲಿ ಬದಲಾದ ಸಮಯ ಇರುತ್ತದೆ. ಹಿಸ್ಟರಿ ಎಂಬ ವಿಳಾಸಕ್ಕೆ ಆ ಸಮಯ ಕೊಟ್ಟರೆ, ಅಂದಿನಿಂದ ಸೇರಿದ, ತಿದ್ದಿದ, ಅಳಿಸಿದ ಎಲ್ಲ ದಾಖಲೆಗಳೂ ಬರುತ್ತವೆ. ಅಳಿಸಿದವಕ್ಕೆ ಈಸ್‌ವ್ಯಾಲಿಡ್ ಎಂಬಲ್ಲಿ ಫಾಲ್ಸ್ ಎಂದಿರುತ್ತದೆ. ವಿ3 ಬಳಸಲು ಟೋಕನ್ನನ್ನು ಮೊದಲು /ಎಪಿಐ/ವಿ2/ಆಥರೈಜೇಷನ್/ರಿಕ್ವೆಸ್ಟ್ ವಿಳಾಸಕ್ಕೆ ಕೊಟ್ಟು ಜೆಡಬ್ಲ್ಯುಟಿ ಎಂಬ ತಾತ್ಕಾಲಿಕ ಅನುಮತಿ ಚೀಟಿ ಪಡೆಯಬೇಕು, ಅದನ್ನು ಬೇರರ್ ಎಂದು ಹೆಡರ್‌ನಲ್ಲಿ ಕಳಿಸಬೇಕು. ಅದಕ್ಕೆ ಅವಧಿಯಿದೆ. ಉತ್ತರದಲ್ಲೇ ಮುಗಿಯುವ ಸಮಯ ಇರುತ್ತದೆ, ಅದನ್ನು ನೋಡಿ ಹೊಸದು ಪಡೆಯಿರಿ.

ಊಟ ಮತ್ತು ಇನ್ಸುಲಿನ್ ವಿವರ ಎಲ್ಲಿ?

/ಎಪಿಐ/ವಿ1/ಟ್ರೀಟ್‌ಮೆಂಟ್ಸ್.ಜೇಸನ್. ಕಾರ್ಬ್ಸ್ ಗ್ರಾಂಗಳಲ್ಲಿ, ಇನ್ಸುಲಿನ್ ಯೂನಿಟ್‌ಗಳಲ್ಲಿ. ಇಲ್ಲಿ ಸಮಯದ ಫೀಲ್ಡ್ ಡೇಟ್ ಅಲ್ಲ, ಕ್ರಿಯೇಟೆಡ್_ಅಟ್ ಎಂಬ ಪಠ್ಯ. ಎಂಟ್ರೀಸ್‌ಗೆ ಬರೆದ ಮಿಲಿಸೆಕೆಂಡಿನ ಫಿಲ್ಟರನ್ನು ಇಲ್ಲಿಗೆ ನಕಲು ಮಾಡಿದರೆ ಕೆಲಸ ಮಾಡುವುದಿಲ್ಲ.

ವೈದ್ಯರಿಗೆ ಯಾವ ಅಂಕಿಗಳನ್ನು ತೆಗೆದುಕೊಡಲಿ?

14 ದಿನಗಳ ದತ್ತಾಂಶ, ಅದರಲ್ಲಿ ಕನಿಷ್ಠ 70 ಶೇಕಡಾ ರೀಡಿಂಗ್ ಇರಬೇಕು. ಅಷ್ಟಿಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. 2019ರ ಅಂತರರಾಷ್ಟ್ರೀಯ ಒಮ್ಮತದಂತೆ ಮುಖ್ಯ ಅಳತೆ, 70ರಿಂದ 180ರೊಳಗೆ ಕಳೆದ ಸಮಯ. ಹೆಚ್ಚಿನವರಿಗೆ ಅದು 70 ಶೇಕಡಾಕ್ಕಿಂತ ಹೆಚ್ಚಿರಬೇಕು. 70ಕ್ಕಿಂತ ಕೆಳಗೆ 4 ಶೇಕಡಾಕ್ಕಿಂತ ಕಡಿಮೆ, 54ಕ್ಕಿಂತ ಕೆಳಗೆ 1 ಶೇಕಡಾಕ್ಕಿಂತ ಕಡಿಮೆ. ಏರಿಳಿತದ ಅಳತೆಯಾದ ವ್ಯತ್ಯಯ ಗುಣಾಂಕ 36 ಶೇಕಡಾ ಮೀರದಿದ್ದರೆ ಒಳ್ಳೆಯದು. ನಿಮ್ಮ ಮಗುವಿನ ಗುರಿ ಬೇರೆಯಿರಬಹುದು, ಅದನ್ನು ವೈದ್ಯರೇ ಹೇಳಬೇಕು.

ಎ1ಸಿ ಎಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರನ್ನು ಸೂಚಿಸುವ ರಕ್ತಪರೀಕ್ಷೆ. ಜಿಎಂಐ ಎಂಬ ಅಂದಾಜು ಎ1ಸಿಗೆ ಸೂತ್ರ: ಸರಾಸರಿಯನ್ನು 0.02392ರಿಂದ ಗುಣಿಸಿ 3.31 ಕೂಡಿಸಿ. ಸರಾಸರಿ 154 ಆದರೆ ಸುಮಾರು 7.0 ಬರುತ್ತದೆ. ಲ್ಯಾಬಿನ ಎ1ಸಿ ಇದಕ್ಕಿಂತ ಹೆಚ್ಚೋ ಕಡಿಮೆಯೋ ಬಂದರೆ ಪ್ರೋಗ್ರಾಂ ತಪ್ಪಿದೆ ಎಂದಲ್ಲ. ರಕ್ತಹೀನತೆಯಂಥ ಕಾರಣಗಳಿಂದ ಎ1ಸಿಯೇ ವ್ಯತ್ಯಾಸವಾಗುತ್ತದೆ. ಎರಡನ್ನೂ ವೈದ್ಯರ ಮುಂದಿಡಿ.

ಬೆರಳು ಚುಚ್ಚಿದರೆ 95, ಎಪಿಐ 120 ಎನ್ನುತ್ತದೆ.

ಸೆನ್ಸರ್ ರಕ್ತವನ್ನು ಮುಟ್ಟುವುದೇ ಇಲ್ಲ, ಚರ್ಮದ ಕೆಳಗಿನ ಜೀವಕೋಶಗಳ ನಡುವಿನ ದ್ರವದಲ್ಲಿ ಅಳೆಯುತ್ತದೆ. ಶುಗರ್ ವೇಗವಾಗಿ ಇಳಿಯುವಾಗ ಆ ದ್ರವ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮಗು ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡದಿಂದ ಸುಳ್ಳು ಲೋ ಕೂಡ ಬರುತ್ತದೆ. ಗ್ರಾಫಿನಲ್ಲಿ ಅದು ರಾತ್ರಿ ಹಠಾತ್ತನೆ ಕುಸಿದು, ಮಗು ಮಗ್ಗುಲು ಬದಲಿಸಿದ ಮೇಲೆ ಅಷ್ಟೇ ಬೇಗ ಮೇಲೇರಿದಂತೆ ಕಾಣುತ್ತದೆ. ಮಗುವಿನ ಲಕ್ಷಣಕ್ಕೂ ರೀಡಿಂಗಿಗೂ ಹೊಂದದಿದ್ದರೆ ಗ್ಲುಕೋಮೀಟರ್ ತೆಗೆಯಿರಿ.

ಈ ದತ್ತಾಂಶದಿಂದ ಇನ್ಸುಲಿನ್ ಪ್ರಮಾಣ ಹೇಳುವ ಪ್ರೋಗ್ರಾಂ ಬರೆಯಬಹುದೇ?

ಬೇಡ. ನೈಟ್‌ಸ್ಕೌಟ್ ವೈದ್ಯಕೀಯ ಸಾಧನವೆಂದು ಮಾನ್ಯತೆ ಪಡೆದದ್ದಲ್ಲ, ಚಿಕಿತ್ಸೆಯ ನಿರ್ಧಾರಕ್ಕೆ ಬಳಸಬೇಡಿ ಎಂದು ಅದೇ ಹೇಳುತ್ತದೆ. ಮೇಲೆ ಬರೆದ ಹಳೆಯ ರೀಡಿಂಗ್, ಮಾನದ ಗೊಂದಲ, ದೋಷ ಸಂಕೇತ ಇವುಗಳಲ್ಲಿ ಯಾವುದೇ ಒಂದು ಸಾಕು, ಲೆಕ್ಕ ತಪ್ಪಲು.

ಶಾಲೆಯ ಶಿಕ್ಷಕಿಗೆ, ಅಜ್ಜಿಗೆ ನೋಡಲು ಕೊಡಬಹುದೇ? ಬೇರೆಯವರ ಮಕ್ಕಳಿಗೂ ಆ್ಯಪ್ ಮಾಡಿಕೊಡಬಹುದೇ?

ನಿಮ್ಮವರಿಗೆ ಖಂಡಿತ ಕೊಡಿ, ಒಬ್ಬೊಬ್ಬರಿಗೂ ಬೇರೆ ರೀಡಬಲ್ ಟೋಕನ್ ಮಾಡಿ. ತರಗತಿ ಬದಲಾದಾಗ ಹಳೆಯದನ್ನು ಅಳಿಸಿ. ಬೇರೆಯವರ ದತ್ತಾಂಶವನ್ನು ನಿಮ್ಮ ಸರ್ವರಿನಲ್ಲಿಟ್ಟು ಸೇವೆ ಕೊಡತೊಡಗಿದರೆ ಅದು ಮನೆಯ ಕೆಲಸವಾಗಿ ಉಳಿಯುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ, ಮನೆಯ ಬಳಕೆಯನ್ನು ಹೊರಗಿಟ್ಟಿದೆ. ಆದರೆ ಅದರ ವ್ಯಾಪ್ತಿಗೆ ಬರುವವರು 18 ವರ್ಷದೊಳಗಿನವರ ದತ್ತಾಂಶಕ್ಕೆ ತಂದೆ ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು. ಸಾಧ್ಯವಾದಷ್ಟೂ ದತ್ತಾಂಶವನ್ನು ಅವರ ಸೈಟಿನಲ್ಲೇ ಬಿಟ್ಟು, ನಿಮ್ಮ ಆ್ಯಪ್ ಅವರ ಫೋನಿನಲ್ಲೇ ಓದಿ ತೋರಿಸುವಂತೆ ಬರೆಯಿರಿ.

ಸೈಟನ್ನು ಬೇರೆ ಸರ್ವರಿಗೆ ಸಾಗಿಸಬೇಕಾಗಿದೆ. ಏನೇನು ನೋಡಿಕೊಳ್ಳಬೇಕು?

ಹೆರೋಕು ಎಂಬ ಸರ್ವರ್ ಕಂಪನಿ 2022ರ ನವೆಂಬರಿನಲ್ಲಿ ಉಚಿತ ಸೇವೆ ನಿಲ್ಲಿಸಿದಾಗ ಅಲ್ಲಿದ್ದ ನೈಟ್‌ಸ್ಕೌಟ್ ಸೈಟುಗಳು ಹಣ ಕೊಡಬೇಕಾಯಿತು ಇಲ್ಲವೇ ಜಾಗ ಖಾಲಿ ಮಾಡಬೇಕಾಯಿತು. ಅಂಥದ್ದು ಮತ್ತೆ ಆಗಬಹುದು. ವಿಳಾಸವನ್ನೂ ಟೋಕನ್ನನ್ನೂ ಪ್ರೋಗ್ರಾಮಿನೊಳಗೆ ಬರೆಯದೆ ಬೇರೆ ಸೆಟ್ಟಿಂಗ್ ಕಡತದಲ್ಲಿಡಿ. ಡೇಟಾಬೇಸ್ ಮೊಂಗೊಡಿಬಿ ಅಟ್ಲಾಸ್ ಎಂಬ ಆನ್‌ಲೈನ್ ಸೇವೆಯಲ್ಲೇ ಉಳಿಯುವುದಾದರೆ ಸರ್ವರ್ ಬದಲಾದರೂ ರೀಡಿಂಗ್‌ಗಳಿಗೆ ಏನೂ ಆಗುವುದಿಲ್ಲ, ಹೊಸ ಸರ್ವರಿಗೆ ಅದೇ ಸಂಪರ್ಕ ವಿಳಾಸವನ್ನೂ ಅದೇ ಎಪಿಐ ಸೀಕ್ರೆಟ್ಟನ್ನೂ ಕೊಡಿ. ಅಟ್ಲಾಸ್‌ನ ಉಚಿತ ಮಿತಿ 512 ಎಂಬಿ. ಲೂಪ್ ಬಳಸುವ ಮನೆಗಳಲ್ಲಿ ಸಾಧನಗಳ ಸ್ಥಿತಿ ದಾಖಲಾಗುವ ಡಿವೈಸ್‌ಸ್ಟೇಟಸ್ ಸಂಗ್ರಹವೇ ಅದನ್ನು ತುಂಬಿಬಿಡುತ್ತದೆ, ಹಳೆಯವನ್ನು ಅಡ್ಮಿನ್ ಟೂಲ್ಸ್‌ನಿಂದ ಅಳಿಸಬಹುದು.

ಡೇಟಾಬೇಸನ್ನೂ ಬಿಡುವುದಾದರೆ ಮೊದಲು ಎಂಟ್ರೀಸ್ ಮತ್ತು ಟ್ರೀಟ್‌ಮೆಂಟ್ಸ್ ಎರಡನ್ನೂ ವಾರ ವಾರವಾಗಿ ಜೇಸನ್ ರೂಪದಲ್ಲಿ ಇಳಿಸಿಕೊಳ್ಳಿ. ಪ್ರತಿ ವಾರದ ಕಡತದಲ್ಲಿ ಎಷ್ಟು ದಾಖಲೆಗಳಿವೆ ಎಂದು ಎಣಿಸಿ. ನೀವು ಕೇಳಿದ ಕೌಂಟ್‌ನಷ್ಟೇ ಸರಿಯಾಗಿ ಬಂದಿದ್ದರೆ ಮಿತಿಗೆ ತಾಗಿ ಉಳಿದವು ಬಿಟ್ಟುಹೋಗಿವೆ ಎಂದರ್ಥ, ಕೌಂಟ್ ಹೆಚ್ಚಿಸಿ ಆ ವಾರದ್ದನ್ನು ಮತ್ತೆ ಇಳಿಸಿ. ಹಳೆಯ ಸೈಟನ್ನು ಅಳಿಸುವುದು ಆಮೇಲೆ.